ಪರದೇಶದಲ್ಲಿ ಕೆಟ್ಟ ಫೋನೂ ವಿಮೆಯ ಹಣವೂ

ಬಿ.ಜಿ. ಕೆರೆಯ ಕಡೆಯವರಾದ ನಮಗೆ ವಿಮೆಯೆಂದೊಡನೆ ನೆನಪಾಗುವುದು ಶೇಂಗಾ. ಮಳೆಯನ್ನೇ ನಂಬಿದ ಚಳ್ಳಕೆರೆ, ಮೊಳಕಾಲ್ಮೂರು ಸೀಮೆಯಲ್ಲಿ ಬಿತ್ತನೆಯೊಡನೆ ವಿಮೆಯ ಕಂತು ಕಟ್ಟುವವರು ಅನೇಕರು. 2016ರಲ್ಲಿ ಬಂದ ಪ್ರಧಾನಮಂತ್ರಿ ಫಸಲ್ ಬಿಮಾ ಯೋಜನೆಯಂತೆ ಮುಂಗಾರಿನ ಶೇಂಗಾಕ್ಕೆ ರೈತನ ಪಾಲು ವಿಮಾ ಮೊತ್ತದ ಶೇಕಡಾ 2 ಮಾತ್ರ. ಅಲ್ಲಿ ಸಾಮಾನ್ಯವಾಗಿ ಒಬ್ಬೊಬ್ಬನ ಹೊಲವನ್ನೂ ನೋಡುವುದಿಲ್ಲ. ಪಂಚಾಯಿತಿಯಲ್ಲಿಯೋ ಹೋಬಳಿಯಲ್ಲಿಯೋ ಆಯ್ದ ಕೆಲವು ಹೊಲಗಳ ಬೆಳೆಯನ್ನು ಕೊಯ್ದು ತೂಗಿ, ಆ ಸರಾಸರಿಯ ಮೇಲೆ ಎಲ್ಲರಿಗೂ ಒಂದೇ ತೀರ್ಮಾನ. ಆಲಿಕಲ್ಲು ಮಳೆಯಂಥ ವಿಪತ್ತಾದರೆ ಮಾತ್ರ ರೈತನೇ 72 ಗಂಟೆಗಳೊಳಗೆ ತಿಳಿಸಬೇಕು.

ಈ ರೂಢಿಯಲ್ಲಿ ಬೆಳೆದ ನಮ್ಮವರು ಮೊಬೈಲ್ ಫೋನಿನ ವಿಮೆಯೂ ಹಾಗೆಯೇ ಎಂದು ಭಾವಿಸುವುದು ಸಹಜ. ಆದರೆ ಅದರ ಜಾತಿಯೇ ಬೇರೆ. ಇಲ್ಲಿ ನಷ್ಟವಾದದ್ದು ಇದೇ ಫೋನಿಗೆ, ಇಂಥ ದಿನ, ಇಂಥ ಸ್ಥಳದಲ್ಲಿ, ಇಂಥ ಕಾರಣದಿಂದ ಎಂಬುದನ್ನೆಲ್ಲ ಕೇಳುವವನೇ ತೋರಿಸಬೇಕು. ಹಾಗೆ ತೋರಿಸಿದ ಮೇಲೂ ಸವಕಳಿಯನ್ನೂ ಗ್ರಾಹಕನ ಪಾಲನ್ನೂ ಕಳೆದು ಉಳಿದದ್ದು ಕೈಗೆ ಬರುತ್ತದೆ.

ನನ್ನ ಸೋದರಮಾವನ ಮಗ ಕೆಲಸಕ್ಕೆಂದು ದುಬೈಗೆ ಹೋದವನು ಎರಡನೆಯ ವಾರವೇ ಫೋನನ್ನು ಮೆಟ್ಟಿಲ ಮೇಲೆ ಬೀಳಿಸಿದ. ಸಾಲ ಮಾಡಿ ಕೊಂಡ ಫೋನು, ಕಂತುಗಳಿನ್ನೂ ತೀರಿರಲಿಲ್ಲ. ಮನೆಯವರ ಮಾತು, ಬ್ಯಾಂಕಿನ ಸಂಖ್ಯೆ, ಕೆಲಸದ ಕರೆ ಎಲ್ಲವೂ ಅದರಲ್ಲೇ. ಅವಸರಕ್ಕೆ ಅಲ್ಲಿಯ ಒಂದು ಅಂಗಡಿಯಲ್ಲಿ ಗಾಜು ಹಾಕಿಸಿ, ರಜೆಗೆ ಬಂದಾಗ ರಸೀತಿ ಹಿಡಿದು ವಿಮೆ ಕೇಳಿದ. ಕಂಪೆನಿಯವರು ಒಪ್ಪಲಿಲ್ಲ. ಪಾಲಿಸಿಯ ಕಾಗದಗಳನ್ನು ಓದಿ ಅರ್ಥ ಹೇಳುವ ಕೆಲಸ ನನ್ನ ಪಾಲಿಗೆ ಬಂದುದರಿಂದ ಈ ವಿಚಾರದಲ್ಲಿ ಸ್ವಲ್ಪ ಅಭ್ಯಾಸವಾಯಿತು. ಅಕ್ಷರಗಳು ಸಾಸಿವೆಯಷ್ಟು ಸಣ್ಣವು; ಆದರೆ ವಿಷಯವೆಲ್ಲ ಅಲ್ಲಿಯೇ ಇತ್ತು.

ಮೊದಲು ನೋಡಬೇಕಾದದ್ದು ಪಾಲಿಸಿಯ ಎಲ್ಲೆ. ಕೆಲವು ಪಾಲಿಸಿಗಳು ಭಾರತದೊಳಗಿನ ಹಾನಿಗೆ ಮಾತ್ರ ಹೊಣೆ. ಕೆಲವು ಹಾನಿ ಎಲ್ಲಿಯೇ ಆದರೂ ಒಪ್ಪಿ, ರಿಪೇರಿ ಮಾತ್ರ ಭಾರತದ ಅಧಿಕೃತ ಕೇಂದ್ರದಲ್ಲಿಯೇ ಆಗಬೇಕೆನ್ನುತ್ತವೆ. ಇವನದು ಎರಡನೆಯ ಬಗೆಯದು. ಒಡೆದ ಗಾಜನ್ನು ಹಾಗೆಯೇ ಇಟ್ಟು, ಆ ದಿನವೇ ಕಂಪೆನಿಗೆ ತಿಳಿಸಿದ್ದರೆ ಅವನ ಕೈಯಲ್ಲಿ ಒಂದು ಪುರಾವೆಯಾದರೂ ಇರುತ್ತಿತ್ತು. ರಿಪೇರಿಯಾದ ಮೇಲೆ ಪರೀಕ್ಷಿಸಲು ಹಾನಿಯೇ ಉಳಿಯುವುದಿಲ್ಲ. ಕೊಂಡ ಬಿಲ್ಲು, *#06# ಒತ್ತಿದರೆ ಕಾಣುವ 15 ಅಂಕೆಗಳ ಐಎಂಇಐ ಸಂಖ್ಯೆ, ಹಾನಿಯ ಚಿತ್ರ, ಪ್ರಯಾಣದ ಟಿಕೆಟ್ಟು, ಕಳುವಾದರೆ ಆ ದೇಶದ ಪೊಲೀಸರ ಕಾಗದ — ಇವನ್ನು ಅಲ್ಲಿಯೇ ಸಂಗ್ರಹಿಸಬೇಕು. ಊರಿಗೆ ಬಂದ ಮೇಲೆ ಇವುಗಳಲ್ಲಿ ಅರ್ಧವೂ ಸಿಕ್ಕುವುದಿಲ್ಲ.

ಪ್ರಯಾಣವಿಮೆ ಬೇರೆ ಸಂಗತಿ. ಸಾಮಾನಿನ ನಷ್ಟಕ್ಕೆ ಹಣ ಕೊಡುವ ಎಷ್ಟೋ ಪಾಲಿಸಿಗಳು ಫೋನನ್ನು ಹೊರಗಿಟ್ಟಿರುತ್ತವೆ. ವಿಮಾನಕ್ಕೆ ಒಪ್ಪಿಸಿದ ಪೆಟ್ಟಿಗೆಯಲ್ಲಿದ್ದ ವಸ್ತು ಕೆಟ್ಟರೆ, 1999ರ ಮಾಂಟ್ರಿಯಲ್ ಒಪ್ಪಂದದಂತೆ, ಪೆಟ್ಟಿಗೆ ಕೈಗೆ ಬಂದ 7 ದಿನಗಳೊಳಗೆ ವಿಮಾನ ಕಂಪೆನಿಗೆ ಬರೆದು ದೂರು ಕೊಡಬೇಕು. ಭಾರತವು ಈ ಒಪ್ಪಂದಕ್ಕೆ 2009ರಲ್ಲಿ ಸೇರಿತು. ಕೈಚೀಲದಲ್ಲಿದ್ದ ಫೋನಾದರೆ ಕಂಪೆನಿಯ ತಪ್ಪನ್ನೂ ತೋರಿಸಬೇಕಾಗುತ್ತದೆ.

ಕಂಪೆನಿ ಇಲ್ಲವೆಂದರೆ ಕಥೆ ಮುಗಿಯಲಿಲ್ಲ. ಮೊದಲು ಅವರ ಕುಂದುಕೊರತೆ ಅಧಿಕಾರಿಗೆ ಬರೆಯಬೇಕು. ತಿಂಗಳಾದರೂ ಉತ್ತರವಿಲ್ಲದಿದ್ದರೆ, ಅಥವಾ ಉತ್ತರ ಒಪ್ಪಿಗೆಯಾಗದಿದ್ದರೆ, ಒಂದು ವರ್ಷದೊಳಗೆ ಬೆಂಗಳೂರಿನ ವಿಮಾ ಓಂಬುಡ್ಸ್‌ಮನ್ ಬಳಿಗೆ ಹೋಗಬಹುದು. ಅಲ್ಲಿ ಶುಲ್ಕವಿಲ್ಲ, ವಕೀಲರೂ ಬೇಡ. ಆದರೆ ಒಂದು ತೊಡಕು: ಅಂಗಡಿಯವರು ಫೋನಿನ ಜೊತೆಗೆ ಮಾರುವ ‘ರಕ್ಷಣಾ ಯೋಜನೆ’ಗಳಲ್ಲಿ ಎಷ್ಟೋ ವಿಮೆಯೇ ಅಲ್ಲ. ವಿಮಾ ಕಂಪೆನಿಯ ಹೆಸರೂ ಪಾಲಿಸಿಯ ಸಂಖ್ಯೆಯೂ ಇದೆಯೇ ಎಂದು ಕೊಳ್ಳುವಾಗಲೇ ನೋಡಿಕೊಳ್ಳಬೇಕು. ವಿಮೆಯಲ್ಲದಿದ್ದರೆ ಓಂಬುಡ್ಸ್‌ಮನ್ನರಿಗೆ ಅಧಿಕಾರವಿಲ್ಲ. ಗ್ರಾಹಕರ ಆಯೋಗಕ್ಕೆ ಉಂಟು. 2019ರ ಕಾಯಿದೆಯಂತೆ ದೂರುದಾರನು ವಾಸಿಸುವ ಜಿಲ್ಲೆಯಲ್ಲಿಯೇ ದೂರು ಕೊಡಬಹುದು. ಅಂದರೆ ನಮಗೆ ಚಿತ್ರದುರ್ಗ. ಅವಧಿ 2 ವರ್ಷ. ಕೊಟ್ಟ ಬೆಲೆ 5 ಲಕ್ಷ ರೂಪಾಯಿ ಮೀರದಿದ್ದರೆ ಶುಲ್ಕವಿಲ್ಲ.