ಎಲ್ಲಕ್ಕಿಂತ ದೊಡ್ಡದು ಇನ್ನೂ ಈಜುತ್ತಿದೆ

ಪ್ರಶ್ನೆ: ಸಾರ್, ಕೃಷಿಹೊಂಡ ತೆಗೆಸುವಾಗ ಆಳುದ್ದ ಮಣ್ಣಿನ ಕೆಳಗೆ ಬಿಳಿ ಮೂಳೆಯಂಥ ಗಂಟುಗಳು ಸಿಕ್ಕಿವೆ. ನಮ್ಮಪ್ಪ ಭೀಮ ಕೊಂದ ಬಕಾಸುರನ ಮೂಳೆ ಅನ್ನುತ್ತಾರೆ, ಮಗ ಡೈನೋಸಾರ್ ಅನ್ನುತ್ತಾನೆ. ಯಾರ ಮಾತು ನಂಬಲಿ?
— ಒಬ್ಬ ರೈತ, ಕೈವಾರ ಹೋಬಳಿ, ಚಿಂತಾಮಣಿ ತಾಲ್ಲೂಕು

ಉತ್ತರ: ಮೊದಲು ಒಂದು ಗಂಟಿನ ಮೇಲೆ ನಿಂಬೆರಸ ಹಿಂಡಿ ನೋಡಿ. ಸಣ್ಣಗೆ ಗುಳ್ಳೆ ಎದ್ದರೆ ಅದು ಸುಣ್ಣದ ಕಲ್ಲೇ ಇರಬೇಕು. ಮಳೆನೀರು ಮಣ್ಣಿನ ಸುಣ್ಣವನ್ನು ಕರಗಿಸಿ ಕೆಳಗಿಳಿಸುತ್ತದೆ. ಬೇಸಿಗೆಯಲ್ಲಿ ನೀರು ಆರಿದಾಗ ಆ ಸುಣ್ಣ ಬೇರಿನ ಸುತ್ತ, ಬಿರುಕಿನ ಒಳಗೆ ಗಂಟುಗಟ್ಟುತ್ತದೆ. ಬೇರು ಕೊಳೆತುಹೋದ ಮೇಲೆ ಉಳಿಯುವ ಕೊಳವೆ ಥೇಟ್ ಮೂಳೆಯಂತೆ ಕಾಣುತ್ತದೆ. ಒಡೆದ ತುಂಡಿನೊಳಗೆ ಜೇನುಗೂಡಿನಂಥ ಸಣ್ಣ ರಂಧ್ರಗಳಿದ್ದರೆ ಮಾತ್ರ ಅದು ಮೂಳೆ. ಹಾಗೇನಾದರೂ ಕಂಡರೆ ಅಗೆಯುವುದನ್ನು ಅಲ್ಲಿಗೇ ನಿಲ್ಲಿಸಿ, ಹತ್ತಿರದ ಕಾಲೇಜಿನ ಭೂವಿಜ್ಞಾನ ಅಧ್ಯಾಪಕರನ್ನು ಕರೆದು ತೋರಿಸಿ. ಹಳೆಯ ಕೆರೆಯಂಗಳದ ಹೂಳಿನಲ್ಲಿ ದನ, ಆನೆಯ ಮೂಳೆ ಸಿಗಬಹುದು.

ಡೈನೋಸಾರ್ ಮಾತ್ರ ಸಿಗಲಾರದು. ಅಂಬಾಜಿ ದುರ್ಗ, ನಂದಿ, ಸ್ಕಂದಗಿರಿಯ ಬಂಡೆಗಳು ಸುಮಾರು 250 ಕೋಟಿ ವರ್ಷ ಹಿಂದೆ ನೆಲದಾಳದಲ್ಲಿ ಕುದಿದು ತಣಿದವು. ಆಗ ಭೂಮಿಯ ಮೇಲೆ ಮೂಳೆಯಿರುವ ಜೀವಿಯೇ ಇರಲಿಲ್ಲ. ಡೈನೋಸಾರ್ ಬಂದದ್ದು ಸುಮಾರು 23 ಕೋಟಿ ವರ್ಷದ ಹಿಂದೆ. ಅವು ನಮ್ಮ ನೆಲದ ಮೇಲೆ ಓಡಾಡಿದ್ದರೂ, ಸತ್ತ ದೇಹವನ್ನು ಮುಚ್ಚಿ ಕಾಪಾಡುವ ಹೂಳಿನ ಪದರ ಇಲ್ಲಿ ಉಳಿದಿಲ್ಲ. ಹಾಗೆಂದು ತಂದೆಯವರ ಮಾತನ್ನು ತಳ್ಳಿಹಾಕಬೇಡಿ. ಕೈವಾರವೇ ಬಕಾಸುರನಿದ್ದ ಏಕಚಕ್ರಪುರ ಎಂದು ನಂಬಿದವರು ನೆಲದಲ್ಲಿ ಕಂಡ ವಿಚಿತ್ರಕ್ಕೊಂದು ಕಾರಣ ಹುಡುಕಿದರು. ನಿಮ್ಮ ಮಗ ಮಾಡುತ್ತಿರುವುದೂ ಅದನ್ನೇ.

ಪ್ರಶ್ನೆ: ಭೂಮಿಯ ಮೇಲೆ ಬದುಕಿದ ಅತಿ ದೊಡ್ಡ ಪ್ರಾಣಿ ಯಾವುದು? ಪರೀಕ್ಷೆಗೆ ಓದುತ್ತಿದ್ದೇನೆ. ಒಂದು ಕಡೆ ನೀಲಿ ತಿಮಿಂಗಿಲ ಎಂದಿದೆ, ಇನ್ನೊಂದು ಕಡೆ ಬೃಹತ್ಕಾಯೋಸಾರಸ್ ಎಂದಿದೆ.
— ಚಿಕ್ಕಬಳ್ಳಾಪುರ

ಉತ್ತರ: ನೀಲಿ ತಿಮಿಂಗಿಲ ಎಂದೇ ಬರೆಯಿರಿ. ಉದ್ದ 30 ಮೀಟರಿನ ಹತ್ತಿರ, ತೂಕ 150 ಟನ್ನಿಗೂ ಮೇಲೆ. ದಸರೆಗೆ ಮುಂಚೆ ಮೈಸೂರಿನ ವೇಬ್ರಿಡ್ಜ್ ಮೇಲೆ ನಿಲ್ಲಿಸುವ ಅಂಬಾರಿ ಆನೆ ಅಭಿಮನ್ಯು ಐದು ಟನ್ ದಾಟುತ್ತಾನೆ. ಅಂಥ ಮೂವತ್ತು ಆನೆ ಸೇರಿದರೆ ಒಂದು ತಿಮಿಂಗಿಲ.

ಬೃಹತ್ಕಾಯೋಸಾರಸ್ಸಿನ ಕತೆ ನೆನೆದಾಗಲೆಲ್ಲ ನನಗೆ ಸಂಕಟವಾಗುತ್ತದೆ. ತಮಿಳುನಾಡಿನ ಅರಿಯಲೂರು ಬಳಿಯ ಕಲ್ಲಮೇಡುವಿನಲ್ಲಿ ಸಿಕ್ಕಿದ ಮೂಳೆಗಳಿಗೆ ಯಾದಗಿರಿ ಮತ್ತು ಅಯ್ಯಸಾಮಿ ಎಂಬ ಭೂವಿಜ್ಞಾನಿಗಳು 1980ರ ದಶಕದ ಕೊನೆಗೆ ಈ ಹೆಸರಿಟ್ಟರು. ಮೊಣಕಾಲ ಕೆಳಗಿನ ಮೂಳೆಯೊಂದೇ 2 ಮೀಟರ್ ಉದ್ದ ಎಂದು ದಾಖಲಿಸಿದರು. ಅದು ಮೊದಲು ಮಾಂಸಾಹಾರಿ ಎಂದುಕೊಂಡರು, ಆಮೇಲೆ ಉದ್ದ ಕತ್ತಿನ ಸಸ್ಯಾಹಾರಿ ಎಂದು ತಿಳಿಯಿತು. ಆದರೆ ಮಳೆ ಬಿಸಿಲಿಗೆ ಶಿಥಿಲವಾಗಿದ್ದ ಆ ಮೂಳೆಗಳು ಪುಡಿಪುಡಿಯಾದವು. ಉಳಿದದ್ದು ಒಂದಿಷ್ಟು ಚಿತ್ರ, ಫೋಟೊ, ಅಳತೆ. ಅವನ್ನೇ ನಂಬಿ ಕೆಲವರು 110 ಟನ್, 170 ಟನ್ ಎಂದು ಲೆಕ್ಕ ಹಾಕಿದ್ದಾರೆ. ಇರಬಹುದು. ಆದರೆ ಕೈಯಲ್ಲಿ ಮೂಳೆಯೇ ಇಲ್ಲದೆ ಮೊದಲ ಸ್ಥಾನ ಕೊಡುವುದು ನನ್ನಿಂದಾಗದು. ಮೂಳೆಗಳು ಚೆನ್ನಾಗಿ ಉಳಿದಿರುವ ಅರ್ಜೆಂಟೀನಾದ ಪ್ಯಾಟಗೊಟೈಟನ್ 37 ಮೀಟರ್ ಉದ್ದವಿದ್ದರೂ ತೂಕದ ಅಂದಾಜು 60 ಟನ್ನಿನ ಆಸುಪಾಸು.

2023ರಲ್ಲಿ ಪೆರು ದೇಶದ ಪೆರುಸೀಟಸ್ ಎಂಬ ಪುರಾತನ ತಿಮಿಂಗಿಲ 340 ಟನ್ನಿನವರೆಗೂ ತೂಗಿರಬಹುದು ಎಂಬ ಸುದ್ದಿ ಬಂತು. ಮರುವರ್ಷವೇ ಬೇರೆಯವರು ಮತ್ತೆ ಲೆಕ್ಕ ಹಾಕಿ ಅದನ್ನು 60ರಿಂದ 114 ಟನ್ನಿಗೆ ಇಳಿಸಿದರು.

ಪ್ರಶ್ನೆ: ನಮ್ಮ ಮನೆಯಲ್ಲಿ ರೇಷ್ಮೆ ಹುಳು ಸಾಕುತ್ತೇವೆ. ಹುಳು ಇಷ್ಟು ಬೇಗ ಬೆಳೆಯುತ್ತದಲ್ಲ, ಹಾಗೇ ಬೆಳೆಯುತ್ತಾ ಹೋದರೆ ತಿಮಿಂಗಿಲದಷ್ಟು ಆಗುತ್ತದಾ ಸಾರ್?
— 8ನೇ ತರಗತಿ ವಿದ್ಯಾರ್ಥಿನಿ, ಶಿಡ್ಲಘಟ್ಟ

ಉತ್ತರ: ಎಂಥ ಒಳ್ಳೆಯ ಪ್ರಶ್ನೆ ಕೇಳಿದೆಯಮ್ಮ! ಬೆಳೆಯುವ ಪಂದ್ಯದಲ್ಲಿ ಗೆಲ್ಲುವುದು ನಿಮ್ಮ ಮನೆಯ ಹುಳುವೇ. ಮೊಟ್ಟೆಯೊಡೆದ ಮೇಲೆ ಇಪ್ಪತ್ತೈದು ದಿನಗಳಷ್ಟರಲ್ಲಿ ಅದರ ತೂಕ ಸುಮಾರು 10,000 ಪಟ್ಟಾಗುತ್ತದೆ. ನೀಲಿ ತಿಮಿಂಗಿಲದ ಮರಿ ಹುಟ್ಟುವಾಗಲೇ ಎರಡೂವರೆ ಟನ್. ತಾಯಿಹಾಲು ಕುಡಿದು ದಿನಕ್ಕೆ 90 ಕಿಲೋ ಹೆಚ್ಚುತ್ತದೆ. ಆದರೂ ಜೀವಮಾನವಿಡೀ ಬೆಳೆದರೆ ಅರವತ್ತು ಪಟ್ಟು, ಅಷ್ಟೆ.

ಹಾಗಾದರೆ ಹುಳು ಯಾಕೆ ನಿಲ್ಲುತ್ತದೆ? ಗೂಡು ಕಟ್ಟಲು ಹಣ್ಣಾಗುವ ಮುಂಚಿನ ಹುಳುವಿನ ಪಕ್ಕೆ ನೋಡು, ಸಾಲಾಗಿ ಕಪ್ಪು ಚುಕ್ಕಿಗಳಿವೆ, ಒಂದೊಂದು ಬದಿಗೆ ಒಂಬತ್ತು. ಅವೇ ಅದರ ಮೂಗು. ಅಲ್ಲಿಂದ ಸಣ್ಣ ಕೊಳವೆಗಳಲ್ಲಿ ಗಾಳಿ ನೇರವಾಗಿ ಮೈಯೊಳಗೆ ಹೋಗುತ್ತದೆ. ಮೈ ದೊಡ್ಡದಾದಷ್ಟೂ ಗಾಳಿ ಒಳಗಿನವರೆಗೆ ತಲುಪುವುದು ಕಷ್ಟ. ಜೊತೆಗೆ ಜ್ವರ ಎನ್ನುವ ಪ್ರತಿ ಹಂತದಲ್ಲೂ ಹುಳು ಹಳೆಯ ಚರ್ಮ ಕಳಚಬೇಕು. ಮೂಳೆಯಿಲ್ಲದ, ಆನೆಗಾತ್ರದ ಹುಳು ಆಗ ತನ್ನ ಭಾರಕ್ಕೆ ತಾನೇ ಕುಸಿದುಬಿಡುತ್ತದೆ.

ಮೂಳೆಯಿದ್ದರೂ ತೊಂದರೆ ತಪ್ಪಿದ್ದಲ್ಲ. ಪ್ರಾಣಿಯ ಉದ್ದ, ಅಗಲ, ಎತ್ತರ ಎಲ್ಲ ಎರಡರಷ್ಟಾದರೆ ತೂಕ ಎಂಟರಷ್ಟಾಗುತ್ತದೆ, ಕಾಲಿನ ಮೂಳೆಯ ಬಲ ನಾಲ್ಕರಷ್ಟೇ. ಭಾರವನ್ನು ಸಮುದ್ರದ ನೀರೇ ಹೊರುವುದರಿಂದ ತಿಮಿಂಗಿಲಕ್ಕೆ ಈ ಕಷ್ಟವಿಲ್ಲ. ದಡಕ್ಕೆ ಬಿದ್ದರೆ ಅದರ ಮೈಯೇ ಅದರ ಉಸಿರಾಟವನ್ನು ಒತ್ತುತ್ತದೆ.

ಪ್ರಶ್ನೆ: ನಮ್ಮೂರ ಭೂಕಂಪ ಕೇಂದ್ರದ ಯಂತ್ರಗಳಿಗೆ ತಿಮಿಂಗಿಲದ ಕೂಗು ಕೇಳಿಸಬಹುದೇ? ನಮ್ಮ ಕಡೆಯ ಸಮುದ್ರದಲ್ಲಿ ಅವು ಇವೆಯೇ?
— ನಿವೃತ್ತ ಶಿಕ್ಷಕರು, ಗೌರಿಬಿದನೂರು

ಉತ್ತರ: ಮೇಷ್ಟ್ರೇ, ಇಷ್ಟು ಒಳನಾಡಿನಲ್ಲಿ ಕೇಳಿಸದು. ಆದರೆ ನಿಮ್ಮ ಊಹೆ ಗುರಿಯ ತೀರಾ ಹತ್ತಿರವಿದೆ. ಇಂದಿನ ಭಾಭಾ ಅಣು ಸಂಶೋಧನಾ ಕೇಂದ್ರ 1965ರಲ್ಲಿ ಗೌರಿಬಿದನೂರಿನ ಗಟ್ಟಿ ಬಂಡೆಯ ಮೇಲೆ ಆ ಉಪಕರಣಗಳನ್ನು ಇಟ್ಟದ್ದು ದೂರದ ಭೂಗತ ಅಣುಸ್ಫೋಟಗಳನ್ನು ಪತ್ತೆಹಚ್ಚಲು. ಅದೇ ಕೆಲಸಕ್ಕೆಂದು ಹಿಂದೂ ಮಹಾಸಾಗರದ ಡಿಯಾಗೊ ಗಾರ್ಸಿಯಾ ಬಳಿ ನೀರಿನೊಳಗೂ ಧ್ವನಿಗ್ರಾಹಕಗಳಿವೆ. ಅವುಗಳಲ್ಲಿ ಸುಮಾರು ಎರಡು ದಶಕಗಳಿಂದ ದಾಖಲಾಗಿದ್ದ ದನಿಯನ್ನು ಜಾಲಾಡಿದ ಆಸ್ಟ್ರೇಲಿಯಾದ ವಿಜ್ಞಾನಿಗಳಿಗೆ, ಯಾರಿಗೂ ಗೊತ್ತಿರದಿದ್ದ ಕುಳ್ಳ ನೀಲಿ ತಿಮಿಂಗಿಲಗಳ ಗುಂಪೊಂದು ಸಿಕ್ಕಿತು. ಅದು ಪ್ರಕಟವಾದದ್ದು 2021ರಲ್ಲಿ. ಕುಳ್ಳ ಎಂದರೂ ಅವು 24 ಮೀಟರ್ ಬೆಳೆಯುತ್ತವೆ. ಕಣ್ಣಿಗೆ ಬಿದ್ದದ್ದಲ್ಲ, ಹಾಡಿನ ಧಾಟಿಯಿಂದಲೇ ಗುರುತು ಹಿಡಿದದ್ದು.

ಅರಬ್ಬೀ ಸಮುದ್ರದಲ್ಲೂ ಇವೆ. 1960ರ ದಶಕದಲ್ಲಿ ಸೋವಿಯತ್ ಹಡಗುಗಳು ಗುಟ್ಟಾಗಿ ಇಲ್ಲೇ ಸಾವಿರಕ್ಕೂ ಹೆಚ್ಚು ನೀಲಿ ತಿಮಿಂಗಿಲಗಳನ್ನು ಕೊಂದವು. ದಕ್ಷಿಣಾರ್ಧ ಗೋಳದಲ್ಲಿ ಇಪ್ಪತ್ತನೇ ಶತಮಾನ ಕೊಂದ ಲೆಕ್ಕ ಮೂರು ಲಕ್ಷ ದಾಟುತ್ತದೆ. ನೀವೂ ನಾನೂ ಶಾಲೆಯಲ್ಲಿ ಓದುತ್ತಿದ್ದ ಕಾಲಕ್ಕೆ ಭೂಮಿಯ ಅತಿ ದೊಡ್ಡ ಜೀವಿ ಹೆಚ್ಚುಕಡಿಮೆ ಮುಗಿದೇ ಹೋಗುವುದರಲ್ಲಿತ್ತು. 1966ರಲ್ಲಿ ಬೇಟೆಗೆ ಜಾಗತಿಕ ನಿಷೇಧ ಬಂತು. ಈಚೆಗೆ ಲಕ್ಷದ್ವೀಪದ ಸುತ್ತ ನೀರಿನೊಳಗೆ ಇಟ್ಟ ಮೈಕುಗಳಲ್ಲಿ ಅವುಗಳ ಹಾಡು ಸಿಕ್ಕಿದೆ, ಮಂಗಳೂರಿನಿಂದ ಸರಕು ಹೋಗುವ ಅವೇ ದ್ವೀಪಗಳು.