ಒಂದು ಮೈಲಿಗೆ ಚಕ್ರ ಎಷ್ಟು ಸುತ್ತು ಸುತ್ತುತ್ತೆ?

ಮಕ್ಕಳೇ, ನಿಮ್ಮ ಕಾರಿನ ಟೈರ್ ಪಕ್ಕದಲ್ಲಿ 205/55 ಆರ್ 16 ಅನ್ನೋ ಥರದ ಬರಹ ನೋಡಿದ್ದೀರಾ? 205 ಅಂದರೆ ಟೈರಿನ ಅಗಲ, ಮಿಲಿಮೀಟರಿನಲ್ಲಿ. ಅದರ ಶೇಕಡಾ 55, ಅಂದರೆ ಸುಮಾರು 113 ಮಿ.ಮೀ., ಪಕ್ಕದ ರಬ್ಬರ್ ಗೋಡೆಯ ಎತ್ತರ. 16 ಅನ್ನೋದು ರಿಮ್ಮಿನ ವ್ಯಾಸ, ಇಂಚಿನಲ್ಲಿ. (ಒಂದೇ ಟೈರಿಗೆ ಎರಡು ಅಳತೆ ಪದ್ಧತಿ!) 16 ಇಂಚು ಅಂದರೆ 406 ಮಿ.ಮೀ. ಮೇಲೊಂದು, ಕೆಳಗೊಂದು ಗೋಡೆ ಸೇರಿಸಿದರೆ ಒಟ್ಟು ವ್ಯಾಸ 632. ಅದನ್ನು 3.14ರಿಂದ ಗುಣಿಸಿ: ಒಂದು ಸುತ್ತಿಗೆ 1.985 ಮೀಟರ್. ಮೈಲಿಗೆ 1609 ಮೀಟರ್. ಭಾಗಿಸಿದರೆ ಸುಮಾರು 811 ಸುತ್ತು.

ಆದರೆ ಟೈರ್ ಕಂಪನಿಗಳ ಪಟ್ಟಿಯಲ್ಲಿ ಈ ಅಳತೆಗೆ ಸುಮಾರು 835 ಅಂತ ಇರುತ್ತೆ. ಯಾಕೆ? ಕಾರಿನ ಭಾರಕ್ಕೆ ಟೈರಿನ ತಳ ಚಪ್ಪಟೆಯಾಗಿ, ಚಕ್ರದ ಅಚ್ಚು ಸ್ವಲ್ಪ ಕೆಳಗಿಳಿಯುತ್ತೆ. ಹಾಗಂತ ಅಚ್ಚು ಇಳಿದಷ್ಟೇ ಪ್ರಮಾಣದಲ್ಲಿ ಸುತ್ತು ಹೆಚ್ಚೋದಿಲ್ಲ. 'ಆರ್' ಅಂದರೆ ರೇಡಿಯಲ್. ಈ ಟೈರಿನ ಒಳಗೆ ಸುತ್ತಲೂ ಉಕ್ಕಿನ ತಂತಿಯ ಪಟ್ಟಿ ಇರುತ್ತೆ. ಯುದ್ಧದ ಟ್ಯಾಂಕಿನ ಚೈನಿನ ಹಾಗೆ, ತಳ ಚಪ್ಪಟೆಯಾದರೂ ಅದರ ಉದ್ದ ಅಷ್ಟಾಗಿ ಬದಲಾಗೋದಿಲ್ಲ.

ಸ್ಪೀಡೋಮೀಟರ್ ರಸ್ತೆ ನೋಡೋದಿಲ್ಲ, ಸುತ್ತು ಎಣಿಸುತ್ತೆ ಅಷ್ಟೇ. ಸರಿಯಾಗಿ ತೋರಿಸುತ್ತಿದ್ದ ಕಾರಿಗೆ 215/60 ಆರ್ 16 ಟೈರ್ ಹಾಕಿದರೆ, 60 ಅಂತ ತೋರಿಸುವಾಗ ಕಾರು 63ರಲ್ಲಿ ಓಡುತ್ತಿರುತ್ತೆ. ಪೊಲೀಸರಿಗೆ ಈ ಲೆಕ್ಕ ಒಪ್ಪಿಸಿದರೆ ಟಿಕೆಟ್ ತಪ್ಪೋದಿಲ್ಲ! ಟೈರ್ 6 ಮಿ.ಮೀ. ಸವೆದರೆ ಇದಕ್ಕೆ ಉಲ್ಟಾ: ಮೈಲಿಗೆ ಸುಮಾರು 16 ಸುತ್ತು ಹೆಚ್ಚು. ನಿಮ್ಮ ಕಾರಿನ ಟೈರಿಗೆ ಎಷ್ಟು ಬರುತ್ತೆ, ಲೆಕ್ಕ ಹಾಕಿ ಮುಂದಿನ ಕ್ಲಾಸಿಗೆ ತನ್ನಿ.