‘ಚೆನ್ನಾಗಿದೆ ಸರ್’ ಅಂದರೆ ನಂಬಬೇಡಿ: ಯುಎಕ್ಸ್ ರಿಸರ್ಚ್‌ನಲ್ಲಿ ಗೆಲ್ಲುವ ಸೂತ್ರಗಳು

ಆ್ಯಪ್ ಮಾಡುವವರು ಊರ ತುಂಬ ಇದ್ದಾರೆ. ಆ ಆ್ಯಪ್ ಕೈಯಲ್ಲಿ ಹಿಡಿದವರು ಎಲ್ಲಿ ತಡವರಿಸುತ್ತಾರೆ ಎಂದು ಕೂತು ನೋಡುವವರು ಕಡಿಮೆ. ಹಾಗೆ ಕೂತು ನೋಡುವ ಕೆಲಸವೇ ಯುಎಕ್ಸ್ (ಯೂಸರ್ ಎಕ್ಸ್‌ಪೀರಿಯೆನ್ಸ್) ರಿಸರ್ಚ್. ನಿಮಗೆ ಜಾಗ ಇರುವುದು ಅಲ್ಲೇ. ಇಂಜಿನಿಯರಿಂಗ್ ಓದುತ್ತಿದ್ದರೂ ಸರಿ, ಬಿಕಾಂ ಮುಗಿಸಿದ್ದರೂ ಸರಿ, ಸಪೋರ್ಟ್ ಡೆಸ್ಕ್‌ನಲ್ಲಿ ಕಾಲ್ ತೆಗೆದುಕೊಳ್ಳುತ್ತಿದ್ದರೂ ಸರಿ, ಈ ವಾರವೇ ಶುರು ಮಾಡಿ.

1. ‘ನಾನು ಡಿಸೈನ್ ಓದಿಲ್ಲ’ ಎನ್ನುವ ಚಟ ಬಿಡಿ
ಈ ಕ್ಷೇತ್ರದ ದೊಡ್ಡ ಹೆಸರು ಡಾನ್ ನಾರ್ಮನ್ ಓದಿದ್ದು ಎಲೆಕ್ಟ್ರಿಕಲ್ ಇಂಜಿನಿಯರಿಂಗ್, ಆಮೇಲೆ ಸೈಕಾಲಜಿ. 1993ರಲ್ಲಿ ಆ್ಯಪಲ್ ಸೇರಿ ‘ಯೂಸರ್ ಎಕ್ಸ್‌ಪೀರಿಯೆನ್ಸ್’ ಅನ್ನು ತಮ್ಮ ಹುದ್ದೆಯ ಹೆಸರಿನಲ್ಲೇ ಸೇರಿಸಿಕೊಂಡರು. ಚಿತ್ರ ಬಿಡಿಸಲು ಬಾರದಿದ್ದರೂ ನಡೆಯುತ್ತದೆ. ಎದುರಿಗಿರುವವರನ್ನು ಗಮನಿಸಲು ಬರಬೇಕು.

2. ಟೂಲ್ ತೆರೆಯುವ ಮೊದಲು ಪ್ರಶ್ನೆ ಬರೆಯಿರಿ
ಡಿಸೈನ್ ಟೂಲ್ ಫಿಗ್ಮಾ ನಾಳೆಯೂ ಅಲ್ಲೇ ಇರುತ್ತದೆ. ‘ನಮ್ಮ ಆ್ಯಪ್ ಹೇಗಿದೆ?’ ಎಂಬುದು ರಿಸರ್ಚ್ ಪ್ರಶ್ನೆಯಲ್ಲ. ‘ಮೊದಲ ಸಲ ಬಸ್ ಪಾಸ್ ತೆಗೆಯುವವರು ಪೇಮೆಂಟ್ ಸ್ಕ್ರೀನ್‌ವರೆಗೆ ಬಂದು ಯಾಕೆ ವಾಪಸ್ ಹೋಗುತ್ತಾರೆ?’ ಇದು ಪ್ರಶ್ನೆ. ಉತ್ತರ ಸಿಕ್ಕರೆ ಟೀಮ್ ಯಾವ ನಿರ್ಧಾರ ಬದಲಿಸುತ್ತದೆ ಎಂದು ಪಕ್ಕದಲ್ಲೇ ಬರೆಯಿರಿ. ಬರೆಯಲು ಏನೂ ತೋಚದಿದ್ದರೆ ಆ ರಿಸರ್ಚ್ ಬೇಡ.

3. ಐದು ಜನರನ್ನು ಹಿಡಿಯಿರಿ
ಸಾವಿರ ಜನರ ಸರ್ವೆಗೆ ಬಜೆಟ್ ಇಲ್ಲ ಎಂದು ಕಾಯುತ್ತ ಕೂರಬೇಡಿ. ಯೂಸಬಿಲಿಟಿ ತಜ್ಞ ಜೇಕಬ್ ನೀಲ್ಸನ್ 2000ರಲ್ಲಿ ಬರೆದ ಲೆಕ್ಕ ಸರಳ: ಒಬ್ಬ ಯೂಸರ್ ಸರಾಸರಿ ಶೇ 31ರಷ್ಟು ತೊಂದರೆಗಳನ್ನು ಬಯಲು ಮಾಡಿದರೆ ಐವರು ಸೇರಿ ಸುಮಾರು ಶೇ 85. ಆರನೆಯವರು ಬಂದಾಗ ಹೆಚ್ಚಾಗಿ ಹಳೆಯ ತೊಂದರೆಗಳೇ ಮತ್ತೆ ಕಾಣುತ್ತವೆ. ಹದಿನೈದು ಜನ ಸಿಕ್ಕರೂ ಒಂದೇ ಸಲ ಖರ್ಚು ಮಾಡಬೇಡಿ. ಐವರ ಟೆಸ್ಟ್, ರಿಪೇರಿ, ಮತ್ತೆ ಐವರು. ಆಟೋ ಚಾಲಕರೂ ಪ್ರಯಾಣಿಕರೂ ಬಳಸುವ ಆ್ಯಪ್ ಆದರೆ ಎರಡೂ ಕಡೆಯವರು ಬೇಕು. ಒಂದು ಎಚ್ಚರಿಕೆ: ಐವರಲ್ಲಿ ಮೂವರು ಎಡವಿದ್ದನ್ನು ‘ಶೇ 60 ಯೂಸರ್‌ಗಳು’ ಎಂದು ಸ್ಲೈಡ್‌ಗೆ ಏರಿಸಬೇಡಿ. ಲೆಕ್ಕ ಬಲ್ಲವರೊಬ್ಬರು ಮೀಟಿಂಗ್‌ನಲ್ಲಿದ್ದರೆ ಮಾನ ಹೋಗುತ್ತದೆ.

4. ಅಭಿಪ್ರಾಯ ಕೇಳಬೇಡಿ, ಕೆಲಸ ಕೊಡಿ
ನಮ್ಮವರು ಮರ್ಯಾದಸ್ಥರು. ಬೀಗರ ಮನೆಯಲ್ಲಿ ಉಪ್ಪಿಲ್ಲದ ಸಾರಿಗೂ ತಲೆಯಾಡಿಸುವ ಜನ ನಿಮ್ಮ ಆ್ಯಪನ್ನು ಮುಖದ ಮೇಲೆ ಬೈಯುತ್ತಾರೆಯೇ? ಹ್ಯೂಮನ್ ಫ್ಯಾಕ್ಟರ್ಸ್ ಇಂಟರ್‌ನ್ಯಾಷನಲ್ ಸಂಸ್ಥೆಯ ಅಪಲಾ ಲಾಹಿರಿ ಚವಾಣ್ ಇದಕ್ಕೊಂದು ಮದ್ದು ಕಂಡುಕೊಂಡರು. ಹೆಸರು ‘ಬಾಲಿವುಡ್ ಮೆಥಡ್’. ‘ಈ ಸೈಟ್‌ನಲ್ಲಿ ಟಿಕೆಟ್ ಬುಕ್ ಮಾಡಿ’ ಎನ್ನುವ ಬದಲು ಒಂದು ಕತೆ: ನಿಮ್ಮ ಅಣ್ಣನ ಮಗಳ ಮದುವೆ ನಿಶ್ಚಯವಾಗಿದೆ. ಹುಡುಗ ಭೂಗತ ಲೋಕದ ಹಂತಕ ಎಂದು ಈಗಷ್ಟೇ ತಿಳಿದಿದೆ. ಸಾಲದ್ದಕ್ಕೆ ಅವನಿಗೆ ಆಗಲೇ ಹೆಂಡತಿ ಇದ್ದಾಳೆ! ಆಕೆಯನ್ನು ಕರೆದುಕೊಂಡು ತಕ್ಷಣ ಬೆಂಗಳೂರಿಗೆ ವಿಮಾನ ಹತ್ತಬೇಕು. ಹೂಂ, ಬುಕ್ ಮಾಡಿ. ಕತೆಗೆ ಇಳಿದವರು ಸಂಕೋಚ ಬಿಟ್ಟು ಸೈಟಿನ ತಪ್ಪುಗಳನ್ನು ಬಿಚ್ಚಿ ಹೇಳತೊಡಗಿದರು.

ನಿಮಗೆ ಅಷ್ಟು ದೊಡ್ಡ ಸಿನಿಮಾ ಬೇಕಿಲ್ಲ. ‘ಮಗಳ ಫೀಸ್‌ಗೆ ಇವತ್ತೇ ಕೊನೇ ದಿನ, ಕಟ್ಟಿ’ ಎಂದರೂ ಸಾಕು. ‘ಇದನ್ನು ಮುಂದೆ ಬಳಸುತ್ತೀರಾ?’ ಎಂಬ ಪ್ರಶ್ನೆಯನ್ನು ಪಟ್ಟಿಯಿಂದ ಹೊಡೆದುಹಾಕಿ. ‘ಕಳೆದ ಸಲ ಹೇಗೆ ಕಟ್ಟಿದಿರಿ?’ ಎಂದು ಕೇಳಿ. ನಾಳೆಯ ಬಗ್ಗೆ ಎಲ್ಲರೂ ಉದಾರವಾಗಿ ಮಾತಾಡುತ್ತಾರೆ.

5. ಬಾಯಿ ಮುಚ್ಚಿ ಕೂರಿ
ಯೂಸರ್ ತಡವರಿಸಿದಾಗ ‘ಮೇಲೆ ಬಲಗಡೆ ಇದೆ ನೋಡಿ’ ಎನ್ನಲು ನಾಲಿಗೆ ತುರಿಸುತ್ತದೆ. ತಡೆಯಿರಿ. ಅಂದ ಕ್ಷಣ ಟೆಸ್ಟ್ ಮುಗಿದು ಟ್ರೈನಿಂಗ್ ಶುರು. ‘ಮನಸ್ಸಿನಲ್ಲಿ ಓಡುವುದನ್ನೆಲ್ಲ ಜೋರಾಗಿ ಹೇಳುತ್ತ ಮಾಡಿ’ ಎಂದು ಆರಂಭದಲ್ಲೇ ತಿಳಿಸಿ. ಐಬಿಎಂನ ಕ್ಲೇಟನ್ ಲೂಯಿಸ್ 1982ರಲ್ಲಿ ಇಂಟರ್‌ಫೇಸ್ ಟೆಸ್ಟಿಂಗ್‌ಗೆ ತಂದ ಈ ವಿಧಾನಕ್ಕೆ ಇಂದಿಗೂ ಪೈಸೆ ಖರ್ಚಿಲ್ಲ.

6. ಆಫೀಸ್ ಬಿಟ್ಟು ಹೊರಡಿ
2006ರ ಹೊತ್ತಿಗೆ ಮೈಕ್ರೋಸಾಫ್ಟ್ ರಿಸರ್ಚ್‌ನ ಬೆಂಗಳೂರು ಲ್ಯಾಬಿನ ಇಂದ್ರಾಣಿ ಮೇಧಿ ಮತ್ತು ಸಂಗಡಿಗರು ಇದೇ ನಗರದ ಕೊಳೆಗೇರಿಗಳಿಗೆ ಹೋದರು. ಓದುಬರಹ ಬಾರದ ಮನೆಗೆಲಸದ ಹೆಂಗಸರ ಜೊತೆ ಕೂತು, ಕೆಲಸ ಹುಡುಕಿಕೊಡುವ ಅಕ್ಷರವಿಲ್ಲದ ಇಂಟರ್‌ಫೇಸ್ ರೂಪಿಸಿದರು. ಬರೀ ವಸ್ತುವಿನ ಚಿತ್ರ ಸಾಲಲಿಲ್ಲ. ಪಾತ್ರೆ ತೊಳೆಯುವ ಕೆಲಸ ಎಂದು ತಿಳಿಯಲು ನಲ್ಲಿಯಿಂದ ನೀರು ಸುರಿಯುವುದು ಕಾಣಬೇಕಿತ್ತು. ಚಿತ್ರ ಅರ್ಥವಾದ ಮೇಲೂ ತೊಡಕು ಉಳಿಯಿತು. ಹೆಂಗಸರ ಪ್ರಶ್ನೆ: ಈ ಕಂಪ್ಯೂಟರ್ ಪೆಟ್ಟಿಗೆಯೊಳಗೆ ಕೆಲಸದ ಸುದ್ದಿ ಎಲ್ಲಿಂದ ಬಂತು, ಇದನ್ನು ಒತ್ತಿದರೆ ನನಗೆ ಕೆಲಸ ಹೇಗೆ ಸಿಗುತ್ತದೆ? ಕೊನೆಗೆ ಇಡೀ ವ್ಯವಹಾರವನ್ನು ನಾಟಕದಂತೆ ತೋರಿಸುವ ವಿಡಿಯೊ ಸೇರಿಸಬೇಕಾಯಿತು. ಎಸಿ ಕೋಣೆಯ ವೈಟ್‌ಬೋರ್ಡ್ ಮುಂದೆ ಈ ಪ್ರಶ್ನೆ ಯಾರಿಗೂ ಹೊಳೆಯುತ್ತಿರಲಿಲ್ಲ.

ಕಿರಾಣಿ ಅಂಗಡಿಯ ಬಿಲ್ಲಿಂಗ್ ಆ್ಯಪ್ ಮಾಡುತ್ತಿದ್ದೀರಾ? ಸಂಜೆ ಗಿರಾಕಿಗಳು ಮುತ್ತಿಕೊಂಡಾಗ ಹೋಗಿ ಮೂಲೆಯಲ್ಲಿ ನಿಲ್ಲಿ. ರೈತರ ಆ್ಯಪ್ ಆದರೆ ಮಟಮಟ ಮಧ್ಯಾಹ್ನದ ಬಿಸಿಲಲ್ಲಿ ಸ್ಕ್ರೀನ್ ಕಾಣುತ್ತದೆಯೇ, ಸಿಗ್ನಲ್ ಹೋದಾಗ ತುಂಬಿದ ಫಾರ್ಮ್ ಏನಾಗುತ್ತದೆ, ನೋಡಿ.

7. ಕನ್ನಡವನ್ನು ಅಸ್ತ್ರ ಮಾಡಿಕೊಳ್ಳಿ
ಕನ್ನಡ ವರ್ಷನ್ ಅನ್ನು ಅಗ್ಗದ ಫೋನಿನಲ್ಲಿ ತೆರೆಯಿರಿ. ಇಂಗ್ಲಿಷ್ ಅಳತೆಗೆ ಕಟ್ಟಿದ ಬಟನ್‌ನಲ್ಲಿ ಉದ್ದ ಪದ ಅರ್ಧಕ್ಕೇ ತುಂಡಾಗುತ್ತದೆ. ಲೈನ್ ಹೈಟ್ ಕಡಿಮೆಯಿದ್ದರೆ ಒತ್ತಕ್ಷರ ಕತ್ತರಿಸಿಹೋಗುತ್ತದೆ. ಭಾಷೆ ಬಾರದ ಟೆಸ್ಟರ್‌ಗೆ ಇದು ಕಾಣುವುದೇ ಇಲ್ಲ. ಇಂಟರ್‌ವ್ಯೂವನ್ನೂ ಅವರವರ ಮಾತಿನಲ್ಲೇ ಮಾಡಿ. ಹುಬ್ಬಳ್ಳಿಯವರಾಗಲಿ ಮಂಡ್ಯದವರಾಗಲಿ ಗ್ರಾಂಥಿಕ ಭಾಷೆಯಲ್ಲಿ ಸಿಟ್ಟಾಗುವುದಿಲ್ಲ, ಮತ್ತು ನಿಮಗೆ ಬೇಕಾಗಿರುವುದು ಆ ಸಿಟ್ಟೇ.

8. ಅನುಮತಿ ಕೇಳಿ
ರೆಕಾರ್ಡ್ ಮಾಡುವ ಮುನ್ನ ಒಪ್ಪಿಗೆ ಪಡೆಯಿರಿ. ಹೆಸರು, ನಂಬರ್ ಮರೆಮಾಡಿ. ಟೆಸ್ಟ್‌ಗೆ ಬಂದವರ ಸಮಯಕ್ಕೆ ದುಡ್ಡು ಕೊಡಿ.

9. ಒಂದು ಪುಟ, ಮೂರು ತೊಂದರೆ, ಒಂದು ಕ್ಲಿಪ್
ಉದ್ದದ ಪಿಪಿಟಿಯನ್ನು ಯಾರೂ ಕೊನೆಯವರೆಗೆ ನೋಡುವುದಿಲ್ಲ. ಟೆಸ್ಟ್ ಮುಗಿದ ದಿನವೇ ನೋಟ್ಸ್ ತೆರೆಯಿರಿ. ಕಣ್ಣಿಂದ ಕಂಡದ್ದು ಒಂದು ಕಡೆ, ನಿಮ್ಮ ಊಹೆ ಇನ್ನೊಂದು ಕಡೆ. ಅತಿ ಹೆಚ್ಚು ಕೆಲಸ ಕೆಡಿಸುವ ಮೂರು ತೊಂದರೆ ಆರಿಸಿ, ಪ್ರತಿಯೊಂದಕ್ಕೂ ಒಂದು ಪರಿಹಾರ ಸೂಚಿಸಿ. ಪ್ರಾಡಕ್ಟ್ ಮ್ಯಾನೇಜರ್ ‘ಇಷ್ಟು ಸುಲಭದ್ದು ಯಾರಿಗೆ ಗೊತ್ತಾಗಲ್ಲ?’ ಎಂದರೆ ವಾದಕ್ಕೆ ಇಳಿಯಬೇಡಿ. ಯೂಸರ್ ತಡವರಿಸಿದ ಕ್ಲಿಪ್ ಪ್ಲೇ ಮಾಡಿ. ಮುಂದಿನ ಐವರ ಟೆಸ್ಟ್‌ಗೆ ಅದೇ ಮೀಟಿಂಗ್‌ನಲ್ಲಿ ದಿನಾಂಕ ಹಾಕಿಸಿಕೊಂಡೇ ಎದ್ದೇಳಿ.